ಸದ್ದಿಗೆ ಮೊದಲು ಹೆಸರಿಡು, ಅಳಿಯಾ

ಕಾರು ಕೊಂಡು ಇನ್ನೂ ವರ್ಷ ತುಂಬಿಲ್ಲ, ಒಳಗಿನ ಸದ್ದಿಗೆ ಬೇಸತ್ತು 'ಮಾರಿಬಿಡ್ತೀನಿ ಮಾವಾ' ಅಂತ ಮೊನ್ನೆ ಫೋನಿನಲ್ಲಿ ಅಂದೆ. ಮಾರಬೇಡ. ಆ ಕಾರಿನ ಎಂಜಿನ್ ಗಟ್ಟಿಮುಟ್ಟಾಗಿದೆ, ನಾನೇ ಕಿವಿಗೊಟ್ಟು ಕೇಳಿದ್ದೇನೆ. ನೀನು ಹೇಳುವ ಸದ್ದು ಸಿಗದಂಥದ್ದೇನಲ್ಲ. ಅದನ್ನು ಹುಡುಕುವ ಕ್ರಮವನ್ನು ನಿನಗೆ ಯಾರೂ ಹೇಳಿಕೊಟ್ಟಿಲ್ಲ, ಅಷ್ಟೇ. ನಲವತ್ತು ವರ್ಷ ಈ ಸಂಡೂರು, ಹೊಸಪೇಟೆ, ಕಂಪ್ಲಿ ರಸ್ತೆಗಳಲ್ಲಿ ಸ್ಟೇರಿಂಗ್ ಹಿಡಿದು ಕಲಿತದ್ದನ್ನು ಬರೆದು ಕಳಿಸುತ್ತಿದ್ದೇನೆ. ನಿಧಾನವಾಗಿ ಓದು.

ನೀನು ಅಂದದ್ದು 'ಏನೋ ಸೌಂಡ್ ಬರ್ತದೆ' ಅಂತ. ಆ ಮಾತು ಕೇಳಿ ಯಾವ ಮೆಕ್ಯಾನಿಕ್ಕಿಗೂ ಏನೂ ತಿಳಿಯುವುದಿಲ್ಲ. ನಮ್ಮ ಭಾಷೆಯಲ್ಲಿ ಸದ್ದಿಗೆ ಎಷ್ಟೊಂದು ಹೆಸರುಗಳಿವೆ! ಶಾಲೆಯಲ್ಲಿ ಅನುಕರಣಾವ್ಯಯ ಅಂತ ಬಾಯಿಪಾಠ ಮಾಡಿದ್ದೆಯಲ್ಲ, ಅವೇ ಇಲ್ಲಿ ಕೆಲಸಕ್ಕೆ ಬರುವುದು. ಕಟಕಟ ಅಂದರೆ ಎರಡು ಗಟ್ಟಿ ವಸ್ತುಗಳ ನಡುವೆ ಸಂದು ಬಿದ್ದಿದೆ, ಅವು ಒಂದಕ್ಕೊಂದು ಬಡಿಯುತ್ತಿವೆ. ಕಿರ್ ಕಿರ್ ಅಂದರೆ ಸಂದಿಲ್ಲ, ಎರಡು ಮೈಗಳು ಒತ್ತಿಕೊಂಡು ಕೂತಿವೆ. ಹಿಡಿಯುತ್ತವೆ, ಜಾರುತ್ತವೆ, ಮತ್ತೆ ಹಿಡಿಯುತ್ತವೆ. ಝರ್ ಅಂದರೆ ತೆಳ್ಳನೆಯ ತಗಡೋ ಪ್ಲಾಸ್ಟಿಕ್ಕೋ ಎಂಜಿನ್ನಿನ ನಡುಕಕ್ಕೆ ತಾನೂ ನಡುಗುತ್ತಿದೆ. ದಡ್ ಅಂತ ಕಾಲಿಗೆ ತಾಗುವ ಸದ್ದು ಒಳಗಿನದೇ ಅಲ್ಲ, ಕೆಳಗಿನದು.

ಹೆಸರು ಯಾಕೆ ಮುಖ್ಯ ಅಂದರೆ, ಒಂದೊಂದಕ್ಕೂ ಮದ್ದು ಬೇರೆ. ಕಟಕಟಕ್ಕೆ ಸಂದು ತುಂಬಬೇಕು. ಕಿರ್ ಕಿರ್ ಅನ್ನುವ ಕಡೆ ಅದೇ ರೀತಿ ಫೋಮ್ ತುರುಕಿದೆಯೋ, ಒತ್ತಡ ಹೆಚ್ಚಿ ಸದ್ದು ಇನ್ನೂ ಏರುತ್ತದೆ. ಅಲ್ಲಿ ನಡುವೆ ನುಣುಪಾದ ಬಟ್ಟೆಯ ಟೇಪು ಬರಬೇಕು. ಝರ್ ಅನ್ನುವುದನ್ನು ಬಿಗಿಯಬೇಕು. ನಿನ್ನ ತಾತ ಬಂಡಿ ಹೂಡಿಕೊಂಡು ಹೊಲದಿಂದ ಬರುವಾಗ, ಕಡೆಗೀಲು ಸಡಿಲವಾದದ್ದೋ ಅಚ್ಚಿನ ಎಣ್ಣೆ ಆರಿದ್ದೋ ಎಂಬುದನ್ನು ಇಳಿದು ನೋಡದೆ ಹೇಳುತ್ತಿದ್ದರು. ಆ ಕಿವಿ ನಿನಗೂ ಬರುತ್ತದೆ. ಮೊದಲು ಕೈಗೆ ಎಣ್ಣೆ ಹಚ್ಚಿಕೊಳ್ಳದೆ, ಸ್ಕ್ರೂಡ್ರೈವರ್ ಮುಟ್ಟದೆ, ಒಂದು ವಾರ ಬರೀ ಕೇಳು.

ಆದರೆ ಕೆಳಗಿನ ಸದ್ದಿಗೆ ವಾರ ಕಾಯಬೇಡ, ಅದನ್ನು ಎಲ್ಲಕ್ಕಿಂತ ಮೊದಲು ತೀರಿಸಿಕೋ. ಹಂಪು ಹತ್ತಿ ಇಳಿಯುವಾಗ, ಸ್ಟೇರಿಂಗ್ ತಿರುಗಿಸುವಾಗ, ಒಂದೇ ಚಕ್ರ ಗುಂಡಿಗೆ ಬಿದ್ದಾಗ ದಡ್ ಅಂದರೆ ಅದು ಲಿಂಕ್ ರಾಡ್ ಇರಬಹುದು, ಲೋವರ್ ಆರ್ಮ್ ಬುಷ್ ಇರಬಹುದು, ಬಾಲ್ ಜಾಯಿಂಟ್ ಇರಬಹುದು. ಲಿಂಕ್ ರಾಡ್ ನಾಲ್ಕು ದಿನ ತಡೆದೀತು, ಬಾಲ್ ಜಾಯಿಂಟ್ ತಡೆಯುವುದಿಲ್ಲ. ಅದು ಕಳಚಿದರೆ ಚಕ್ರವೇ ಅಡ್ಡ ಬೀಳುತ್ತದೆ. 2024ರ ಆಗಸ್ಟ್ 10ರ ರಾತ್ರಿ ನಮ್ಮ ತುಂಗಭದ್ರಾ ಅಣೆಕಟ್ಟಿನ 19ನೇ ಗೇಟಿನ ಚೈನು ತುಂಡಾಗಿ ಅಷ್ಟು ದೊಡ್ಡ ಗೇಟೇ ಕೊಚ್ಚಿಹೋದದ್ದನ್ನು ನೀನೂ ಕಂಡಿದ್ದೀಯ. ಭಾರ ಹೊರುವ ಕೊಂಡಿಯ ವಿಷಯದಲ್ಲಿ ನಾಳೆ ನೋಡೋಣ ಅನ್ನಬೇಡ. ಅಂಥ ಸದ್ದು ಕೇಳಿದ ದಿನವೇ ಕಾರನ್ನು ಲಿಫ್ಟಿಗೆ ಏರಿಸಿ ತೋರಿಸು. ಹಾಡಿನ ಸದ್ದು ಏರಿಸಿ ಅದನ್ನು ಮುಚ್ಚುವ ಅಭ್ಯಾಸ ನಿನ್ನ ವಯಸ್ಸಿನವರಲ್ಲಿ ನೋಡುತ್ತೇನೆ. ದಯವಿಟ್ಟು ಅದನ್ನು ಬಿಡು.

ಕೆಳಗೆ ಏನೂ ಇಲ್ಲ ಅಂತ ಖಚಿತವಾದ ಮೇಲೆ ಕಾರನ್ನು ಖಾಲಿ ಮಾಡು. ಗ್ಲೋವ್ ಬಾಕ್ಸಿನ ಚಿಲ್ಲರೆ, ಬಾಗಿಲ ಜೇಬಿನ ನೀರಿನ ಬಾಟ್ಲಿ, ಚಾವಣಿಯಲ್ಲಿನ ಕನ್ನಡಕದ ಡಬ್ಬಿ, ಡ್ಯಾಶ್‌ಬೋರ್ಡಿನ ಮೇಲೆ ಅಂಟಿಸಿದ ದೇವರು. ನಮ್ಮ ಬಿಸಿಲಿಗೆ ಆ ಅಂಟು ಒಣಗಿ ಒಂದು ಮೂಲೆ ಎದ್ದಿರುತ್ತದೆ, ಸಣ್ಣಗೆ ಕಟಕಟ ಅನ್ನುತ್ತದೆ. ಹೊಸ ಅಂಟು ಹಚ್ಚಿ ಕೂರಿಸು. ಡಿಕ್ಕಿಯಲ್ಲಿ ಜಾಕು, ಪಾನಾ, ಸ್ಟೆಪ್ನಿ ಎಲ್ಲವನ್ನೂ ಹೊರಗೆ ತೆಗೆದು ಒಂದು ಸುತ್ತು ಹೋಗಿ ಬಾ. ಪಂಕ್ಚರ್ ಹಾಕಿಸಿದ ಮೇಲೆ ಸ್ಟೆಪ್ನಿಯ ನಡುವಿನ ಬೋಲ್ಟನ್ನು ಯಾರೂ ಪೂರ್ತಿ ಬಿಗಿಯುವುದಿಲ್ಲ, ಇದು ನಾನು ಹತ್ತಾರು ಸಲ ಕಂಡದ್ದು. ಟೈರಿನ ಗಾಳಿಯನ್ನೂ ನೋಡು. ಚಾಲಕನ ಬಾಗಿಲ ಪಕ್ಕದ ಚೀಟಿಯಲ್ಲಿ ಬರೆದಿರುವುದಕ್ಕಿಂತ ಹೆಚ್ಚು ತುಂಬಿಸಿದ್ದರೆ ರಸ್ತೆಯ ಪ್ರತಿ ಕಲ್ಲೂ ಒಳಗಿನ ಪ್ಲಾಸ್ಟಿಕ್ಕಿಗೆ ಬಡಿದಂತಾಗುತ್ತದೆ. ಅರ್ಧಕ್ಕರ್ಧ ಸದ್ದುಗಳು ಈ ಹಂತದಲ್ಲೇ ಅಡಗುತ್ತವೆ, ಒಂದು ಸ್ಕ್ರೂ ಬಿಚ್ಚದೆ.

ಅಡಗದೆ ಉಳಿದದ್ದನ್ನು ಹೇಗೆ ಹುಡುಕಬೇಕು ಅನ್ನುವುದಕ್ಕೆ ನನ್ನ ಅನುಭವವನ್ನೇ ಹೇಳುತ್ತೇನೆ. ಕೆಲವು ವರ್ಷದ ಹಿಂದೆ ನನ್ನ ಕಾರಿನಲ್ಲಿ ಎಡಗಡೆಯಿಂದ ಟಕ್, ಟಕ್ ಅಂತ ಶುರುವಾಯಿತು. ಒಂದು ಗ್ಯಾರೇಜಿಗೆ ಒಯ್ದೆ. ಅಲ್ಲಿನ ಹುಡುಗ ಬೆಲ್ಟ್ ಹಾಕಿಕೊಂಡು ಪಕ್ಕದಲ್ಲಿ ಕೂತ, ಎರಡು ಸುತ್ತು ಹೋದೆವು, ಸದ್ದೇ ಇಲ್ಲ. ವಾಪಸ್ ನಮ್ಮೂರು ಬಂಡ್ರಿಗೆ ಬರುವಾಗ ದಾರಿಯುದ್ದಕ್ಕೂ ಟಕ್ ಟಕ್. ಮತ್ತೆ ಹೋದೆ, ಮತ್ತೆ ಮಾಯ. ಮೂರನೇ ಸಲ, ಮುಂದಿನ ಎರಡೂ ಶಾಕಪ್ಸ್ ಬದಲಿಸಿಬಿಡೋಣ ಅಂದರು. ಬದಲಿಸಿದೆ. ದುಡ್ಡು ಹೋಯಿತು, ಸದ್ದು ಉಳಿಯಿತು.

ಆಮೇಲೆ ಒಂದು ಹಳೆಯ ನೋಟ್‌ಬುಕ್ಕಿನಲ್ಲಿ ಬರೆಯತೊಡಗಿದೆ. ಯಾವ ರಸ್ತೆ, ಎಷ್ಟು ಹೊತ್ತು, ಎಷ್ಟು ವೇಗ, ಎಸಿ ಇತ್ತೋ ಇಲ್ಲವೋ, ಕಾರಿನಲ್ಲಿ ಯಾರು ಯಾರಿದ್ದರು. ಹತ್ತು ದಿನಕ್ಕೆ ಪುಟ ತುಂಬಿತು, ಉತ್ತರವೂ ಅದರಲ್ಲೇ ಇತ್ತು. ನಾನೊಬ್ಬನೇ ಹೋದ ದಿನವೆಲ್ಲ ಸದ್ದು. ನಿಮ್ಮತ್ತೆ ಪಕ್ಕದಲ್ಲಿ ಕೂತ ದಿನ ಒಮ್ಮೆಯೂ ಇಲ್ಲ. ಮರುದಿನ ಒಬ್ಬನೇ ಹೊರಟು, ಸದ್ದು ಶುರುವಾದ ಕೂಡಲೇ ಬದಿಗೆ ನಿಲ್ಲಿಸಿ ಆ ಖಾಲಿ ಸೀಟನ್ನು ನೋಡಿದೆ. ಸೀಟ್ ಬೆಲ್ಟಿನ ಲೋಹದ ನಾಲಗೆ ಮೇಲೆ ನಿಲ್ಲಬೇಕಾದದ್ದು ಕೆಳಗೆ ಜಾರಿ ಬಾಗಿಲ ಪಕ್ಕದ ಕಂಬದ ಪ್ಲಾಸ್ಟಿಕ್ಕಿಗೆ ತಾಗಿ ನೇತಾಡುತ್ತಿತ್ತು. ಅದು ಕೆಳಗೆ ಜಾರದಂತೆ ಬೆಲ್ಟಿನ ಮೇಲೆ ಅಂಗಿಯ ಗುಂಡಿಯಂಥ ಒಂದು ಪ್ಲಾಸ್ಟಿಕ್ ತಡೆ ಇರುತ್ತದೆ. ನನ್ನದು ಉದುರಿಹೋಗಿತ್ತು. ಯಾರಾದರೂ ಕೂತು ಬೆಲ್ಟ್ ಹಾಕಿದರೆ ನಾಲಗೆ ಲಾಕಿನಲ್ಲಿ ಭದ್ರ, ಸದ್ದಿಲ್ಲ. ಮೆಕ್ಯಾನಿಕ್ ಕೂತಾಗಲೆಲ್ಲ ಸದ್ದು ಮಾಯವಾದದ್ದು ಅದಕ್ಕೇ. ಗುಂಡಿ ಹಾಕಿಸಿದೆ, ನಾಲಗೆ ತಾಗುತ್ತಿದ್ದ ಜಾಗಕ್ಕೆ ನಾಣ್ಯದಗಲದ ಫೆಲ್ಟ್ ತುಂಡು ಅಂಟಿಸಿದೆ. ಇಂದಿನವರೆಗೂ ಅಲ್ಲಿಂದ ಸೊಲ್ಲಿಲ್ಲ.

ಹಾಗಾಗಿ ನೀನೂ ಬರೆದಿಡು. ನಿಂತಲ್ಲೇ ನ್ಯೂಟ್ರಲ್‌ನಲ್ಲಿ ಎಕ್ಸಿಲರೇಟರ್ ಮೆಲ್ಲಗೆ ಒತ್ತು. ಒಂದು ಹಂತದಲ್ಲಿ ಝರ್ ಅಂದು ಮುಂದೆ ನಿಂತುಹೋದರೆ ಅದು ರಸ್ತೆಯ ಕಾಟವಲ್ಲ, ಎಂಜಿನ್ನಿನ ನಡುಕಕ್ಕೆ ತಾಳ ಹಾಕುವ ಯಾವುದೋ ತೆಳು ತಗಡು. ಸೈಲೆನ್ಸರ್ ಮೇಲಿನ ಬಿಸಿ ತಡೆಯುವ ಶೀಟು, ಬಾನೆಟ್ ಎತ್ತಿ ನಿಲ್ಲಿಸುವ ಕಂಬಿ, ನಂಬರ್ ಪ್ಲೇಟು, ಇವುಗಳನ್ನು ಮೊದಲು ನೋಡು; ಆದರೆ ಸೈಲೆನ್ಸರ್ ಬಿಸಿಯಿದ್ದಾಗ ಕೈ ಹಾಕಬೇಡ. ಹಾಡು ಹಾಕಿದಾಗ ಮಾತ್ರ ಬಾಗಿಲು ನಡುಗಿದರೆ ಸ್ಪೀಕರಿನ ಸುತ್ತಲಿನ ಡೋರ್ ಪ್ಯಾಡು. ಆಗ ಡೊಳ್ಳಿನಂಥ ದಪ್ಪ ನಾದದ ಏನನ್ನಾದರೂ ಹಾಕಿ, ಅಂಗೈಯಿಂದ ಪ್ಯಾಡನ್ನು ಅಲ್ಲಲ್ಲಿ ಒತ್ತುತ್ತಾ ಹೋಗು. ಒತ್ತಿದ ಕಡೆ ಸದ್ದು ನಿಂತರೆ ಕ್ಲಿಪ್ಪು ಅಲ್ಲೇ ಬಿಟ್ಟಿದೆ.

ಕಾರು ಓಡಿಸುತ್ತಾ ನೀನು ಹುಡುಕಬಾರದು. ಸ್ಟೇರಿಂಗ್ ಬಿಟ್ಟು ಬಾಗಿ ಕೇಳಲು ಹೋಗಿ ಎದುರಿನ ಅದಿರು ಲಾರಿ ಕಾಣದೆ ಹೋದರೆ ಗತಿಯೇನು? ಇನ್ನೊಬ್ಬರು ಓಡಿಸಲಿ, ನೀನು ಹಿಂದೆ ಕೂತು ಕೇಳು. ಸದ್ದು ಕಾರಿನ ಕಂಬಗಳ ಗುಂಟ ಹರಿದು ಮೋಸ ಮಾಡುತ್ತದೆ. ಹಿಂದಿನ ಬಲ ಮೂಲೆಯದು ಮುಂದೆ ಕೂತವನಿಗೆ ನೆತ್ತಿಯ ಮೇಲೆ ಕೇಳಿಸುತ್ತದೆ. ಕಾರು ನಿಂತ ಮೇಲೆ ಗೆಣ್ಣಿನಿಂದ ಪ್ಯಾನೆಲುಗಳನ್ನು ತಟ್ಟಿ ನೋಡು. ಹಂಪಿಯ ವಿಜಯ ವಿಠಲ ಗುಡಿಯ ಸಂಗೀತ ಕಂಬಗಳನ್ನು ಈಗ ಮುಟ್ಟಲು ಬಿಡುವುದಿಲ್ಲ, ಅದು ಒಳ್ಳೆಯದೇ. ಹಿಂದೆ ಗೈಡುಗಳು ತಟ್ಟಿ ತೋರಿಸುತ್ತಿದ್ದಾಗ ಒಂದೊಂದು ಕಂಬ ಒಂದೊಂದು ನಾದ ಕೊಡುತ್ತಿತ್ತು. ನಿನ್ನ ಪ್ಯಾನೆಲೂ ಹಾಗೆಯೇ, ಬಿಗಿಯಾಗಿ ಕೂತ ಕಡೆ ಮಂದವಾಗಿ ದಬ್ ಅನ್ನುತ್ತದೆ, ಸಡಿಲವಾದ ಕಡೆ ಸಣ್ಣಗೆ ಕಟ್ ಅನ್ನುತ್ತದೆ. ಅನುಮಾನ ಬಂದ ಸಂದಿಗೆ ಮಡಿಸಿದ ಕಾಗದ ಸಿಕ್ಕಿಸಿ ಒಂದು ದಿನ ಓಡಿಸು. ಸದ್ದು ನಿಂತರೆ ಮಾತ್ರ ಕಾಗದ ತೆಗೆದು ಟೇಪು ಹಾಕು.

ಈಗ ನಮ್ಮ ಸೀಮೆಗೇ ಸೇರಿದ ಎರಡು ಕಾಟಗಳು. ಒಂದು ಬಿಸಿಲು. ಮೇ ತಿಂಗಳಲ್ಲಿ ಬಯಲಿಗೆ ನಿಲ್ಲಿಸಿದ ಕಾರಿನ ಡ್ಯಾಶ್‌ಬೋರ್ಡು 70 ಡಿಗ್ರಿಯವರೆಗೂ ಕಾಯುತ್ತದೆ. 40 ಡಿಗ್ರಿ ಬಿಸಿ ಏರಿದರೆ ಒಂದು ಮೀಟರ್ ಉದ್ದದ ಅಂಥ ಪ್ಲಾಸ್ಟಿಕ್ಕು ಎರಡು ಮೂರು ಮಿಲಿಮೀಟರ್ ಹಿಗ್ಗುತ್ತದೆ, ಅದನ್ನು ಹಿಡಿದ ಉಕ್ಕಿನ ಚೌಕಟ್ಟು ಅರ್ಧ ಮಿಲಿಮೀಟರ್ ಮಾತ್ರ. ಆ ವ್ಯತ್ಯಾಸವನ್ನು ತಡೆದುಕೊಳ್ಳುವುದು ಪಾಪ ಆ ಚಿಕ್ಕ ಕ್ಲಿಪ್ಪುಗಳು. ಮಧ್ಯಾಹ್ನ ಎಸಿ ಹಾಕಿ ಹತ್ತು ನಿಮಿಷಕ್ಕೆ ಡ್ಯಾಶ್‌ಬೋರ್ಡು ಕಿರ್ ಅನ್ನುವುದು, ಚಳಿಗಾಲದ ಬೆಳಗ್ಗೆ ಕಟಕಟ ಅಂದು ಮಧ್ಯಾಹ್ನಕ್ಕೆ ತಾನೇ ಸುಮ್ಮನಾಗುವುದು ಇದರಿಂದಲೇ. ನೆರಳಿಗೆ ನಿಲ್ಲಿಸು, ಮುಂದಿನ ಗಾಜಿಗೆ ಬಿಸಿಲು ತಡೆಯುವ ಹಾಳೆ ಹಾಕು.

ಇನ್ನೊಂದು ಕೆಂಪು ದೂಳು. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟು ಬಳ್ಳಾರಿ ಜಿಲ್ಲೆಯ ಗಣಿಗಳನ್ನು ನಿಲ್ಲಿಸುವ ಮುಂಚಿನ ವರ್ಷಗಳಲ್ಲಿ ಸಂಡೂರು ರಸ್ತೆಯ ಬೇವಿನ ಎಲೆಯೂ ಕೆಂಪಗಿತ್ತು. ಈಗ ಅಷ್ಟಿಲ್ಲ, ಆದರೂ ಲಾರಿಗಳಿವೆ, ದೂಳಿದೆ. ಅದು ಹೊಲದ ಮಣ್ಣಿನಂಥ ದೂಳಲ್ಲ, ಕಬ್ಬಿಣದ ಅದಿರು. ಗ್ರಾನೈಟಿಗಿಂತ ಎರಡು ಪಟ್ಟು ತೂಕ, ಗಾಜನ್ನು ಗೀರುವಷ್ಟು ಗಟ್ಟಿ. ಕಿಟಕಿಯ ಗಾಜು ಇಳಿಯುವ ರಬ್ಬರ್ ಕಾಲುವೆಯಲ್ಲಿ, ಬಾಗಿಲ ಬೀಡಿಂಗಿನಲ್ಲಿ ಅದು ಸೇರಿತೋ, ಕಿರಕಿರ ತಪ್ಪಿದ್ದಲ್ಲ. ಒಣ ಬಟ್ಟೆಯಿಂದ ಉಜ್ಜಬೇಡ, ಗಾಜು ಹಾಳಾಗುತ್ತದೆ. ನೀರು ಬಿಟ್ಟು ತೊಳೆ, ಒದ್ದೆ ಬಟ್ಟೆಯಿಂದ ಬೀಡಿಂಗನ್ನು ಒರೆಸು, ನೆರಳಲ್ಲಿ ಒಣಗಿಸಿ ಸಿಲಿಕೋನ್ ಸ್ಪ್ರೇಯನ್ನು ಬಟ್ಟೆಗೆ ಹೊಡೆದು ಸವರು. ಎಂಜಿನ್ ಆಯಿಲ್, ಗ್ರೀಸು, ಕೊಬ್ಬರಿ ಎಣ್ಣೆ ಯಾವುದೂ ಬೇಡ. ಎಣ್ಣೆಗೆ ರಬ್ಬರು ಉಬ್ಬುತ್ತದೆ, ಮೇಲೆ ಅದೇ ದೂಳು ಮೆತ್ತಿಕೊಳ್ಳುತ್ತದೆ. ಚಕ್ರದ ಕಡೆಯಿಂದ ಕಿವಿ ಸೀಳುವಂತೆ ಕೀ ಅಂದರೆ ಬ್ರೇಕ್ ಡಿಸ್ಕಿಗೂ ಅದರ ಹಿಂದಿನ ತಗಡಿಗೂ ನಡುವೆ ಅದಿರಿನ ಹರಳು ಸಿಕ್ಕಿರಬಹುದು. ಅದನ್ನು ಮೆಕ್ಯಾನಿಕ್ಕೇ ತೆಗೆಯಲಿ.

ಸಾಮಾನಿಗೆ ಹೆಚ್ಚು ಖರ್ಚಿಲ್ಲ. ಬಟ್ಟೆಯ ಟೇಪು ಒಂದು ಸುರುಳಿ, ಅಂಟಿರುವ ಫೆಲ್ಟು ಒಂದು ಹಾಳೆ, ತೆಳು ಫೋಮ್ ಟೇಪು, ನಿನ್ನ ಕಾರಿಗೇ ಹೊಂದುವ ಹತ್ತು ಕ್ಲಿಪ್ಪು, ಪ್ಯಾಡು ಎಬ್ಬಿಸಲು ಪ್ಲಾಸ್ಟಿಕ್ ಸನಿಕೆ. ಕಬ್ಬಿಣದ ಸ್ಕ್ರೂಡ್ರೈವರಿನಿಂದ ಎಬ್ಬಿಸಿದರೆ ಅಂಚು ಗಾಯವಾಗುತ್ತದೆ, ಕ್ಲಿಪ್ಪೂ ಮುರಿಯುತ್ತದೆ. ಒಮ್ಮೆ ಬಿಚ್ಚಿದ ಹಳೆಯ ಕ್ಲಿಪ್ಪನ್ನೇ ಮತ್ತೆ ಹಾಕುವುದೂ ಬೇಡ. ಸೈಕಲ್ ಟ್ಯೂಬಿನ ತುಂಡು ಹಾಕುವವರನ್ನು ಕಂಡಿದ್ದೇನೆ. ಬೇಡ, ರಬ್ಬರು ಪ್ಲಾಸ್ಟಿಕ್ಕಿಗೆ ಉಜ್ಜಿದರೆ ತಾನೇ ಕಿರುಚುತ್ತದೆ. ಜಾಕು, ಪಾನಾ ಸುತ್ತಲು ಮಾತ್ರ ಹಳೆಯ ಕಂಬಳಿಯ ತುಂಡಿಗಿಂತ ಒಳ್ಳೆಯದು ನನಗೆ ಸಿಕ್ಕಿಲ್ಲ. ಮಳೆಗಾಲದಲ್ಲಿ ಡಿಕ್ಕಿಗೆ ನೀರು ಇಳಿಯುತ್ತಿದ್ದರೆ ಆ ಕಂಬಳಿಯನ್ನು ತೆಗೆದು ಒಣಗಿಸು, ಇಲ್ಲವಾದರೆ ತೇವ ಹಿಡಿದು ಕೆಳಗಿನ ತಗಡಿಗೆ ತುಕ್ಕು ಬರುತ್ತದೆ.

ಒಂದು ಮಾತನ್ನು ಮಾತ್ರ ಮೀರಬೇಡ, ಅಳಿಯಾ. ಏರ್‌ಬ್ಯಾಗ್ ಎಂದು ಬರೆದ ಯಾವ ಭಾಗವನ್ನೂ ನೀನು ಬಿಚ್ಚಬಾರದು: ಸ್ಟೇರಿಂಗಿನ ನಡುಭಾಗ, ಎಡಗಡೆಯ ಡ್ಯಾಶ್‌ಬೋರ್ಡಿನ ಮೇಲ್ಭಾಗ, ಕೆಲವು ಕಾರುಗಳಲ್ಲಿ ಸೀಟಿನ ಪಕ್ಕ ಮತ್ತು ಕಿಟಕಿಯ ಮೇಲಿನ ಅಂಚು. ಅಲ್ಲಿನ ಸಂದಿಗೆ ಟೇಪು, ಫೋಮು ತುರುಕಿದರೆ ಅಪಘಾತದ ಹೊತ್ತಿಗೆ ಚೀಲ ಸರಿಯಾಗಿ ಬಿಚ್ಚಿಕೊಳ್ಳದೆ ಹೋಗಬಹುದು. ಒಳಗೆ ಹಳದಿ ವೈರು, ಹಳದಿ ಕನೆಕ್ಟರ್ ಕಂಡರೆ ಕೈ ಹಿಂದಕ್ಕೆ ತಗೋ. ಅಲ್ಲಿಂದ ಸದ್ದು ಬಂದರೆ ಕಂಪನಿಯ ಸರ್ವಿಸ್‌ನವರೇ ನೋಡಲಿ. ಅವರಿಗೆ ತೋರಿಸುವಾಗ ನೋಟ್‌ಬುಕ್ಕಿನ ಪುಟ ಒಯ್ಯಿ, ಸದ್ದನ್ನು ಫೋನಿನಲ್ಲಿ ರೆಕಾರ್ಡ್ ಮಾಡಿಸಿಕೊಂಡು ಒಯ್ಯಿ. ಸದ್ದು ಹೊರಡುವ ರಸ್ತೆಗೇ ಅವರನ್ನು ಕರೆದುಕೊಂಡು ಹೋಗಿ ಕೇಳಿಸು.

ಈ ಭಾನುವಾರ ಬೆಳಗ್ಗೆ ಬಿಸಿಲೇರುವ ಮುಂಚೆ ಬಂಡ್ರಿಗೆ ಬಾ. ಡಿಕ್ಕಿ ಖಾಲಿ ಮಾಡಿಕೊಂಡು ಬಾ. ನಿನ್ನ ಅಮ್ಮನನ್ನೂ ಕರೆದುಕೊಂಡು ಬಾ. ನಮ್ಮಪ್ಪನ ಬಂಡಿಯ ಸದ್ದು ಊರ ಬಾಗಿಲಲ್ಲಿ ಕೇಳಿದ ಕೂಡಲೇ ಒಲೆ ಹಚ್ಚುತ್ತಿದ್ದವಳು ಅವಳು. ಕಾರನ್ನು ನಾನು ಓಡಿಸುತ್ತೇನೆ, ನೀವಿಬ್ಬರೂ ಹಿಂದೆ ಕೂತು ಕೇಳಿ.