ಜೀಪು ಒಂದು ಕಡೆಗೆ ಎಳೆಯುವುದೇಕೆ?

ಮಾಗಡಿ ಕೆರೆಗೆ ಚಳಿಗಾಲದಲ್ಲಿ ಬರುವ ಪಟ್ಟೆತಲೆ ಹೆಬ್ಬಾತುಗಳನ್ನು ನೋಡಲು ಜನರು ಹಳೆಯ ಜೀಪುಗಳಲ್ಲಿಯೂ ಬರುತ್ತಾರೆ. ಸ್ಟೀಯರಿಂಗು ಎಡಕ್ಕೆಳೆದರೆ ಕುಳಿತವರ ಜೀವಕ್ಕೇ ಅಪಾಯ. ಆದುದರಿಂದ ಕಾರಣವನ್ನು ಕ್ರಮವಾಗಿ ಹುಡುಕತಕ್ಕದ್ದು.

ಮಳೆನೀರು ಹರಿಯಲೆಂದು ರಸ್ತೆಗಳು ಅಂಚಿಗೆ ಇಳಿಜಾರಾಗಿರುತ್ತವೆ. ಬಂಡಿ ತುಸು ಎಡಕ್ಕೆ ಸರಿಯುವುದು ಸಹಜ. ಮೊದಲು ಸಮನೆಲದಲ್ಲಿ ಓಡಿಸಿ ನೋಡಬೇಕು. ಅಲ್ಲಿಯೂ ಎಳೆದರೆ ಮುಂದಿನ ಟಾಯರುಗಳ ಗಾಳಿಯನ್ನು ಸಮಮಾಡಬೇಕು. ಬಳಿಕ ಆ ಗಾಲಿಗಳನ್ನು ಅದಲುಬದಲು ಮಾಡಬೇಕು; ಎಳೆತ ಬಲಕ್ಕೆ ತಿರುಗಿದರೆ ದೋಷ ಟಾಯರಿನದು. ತಿರುಗದಿದ್ದರೆ, ನಾಲ್ಕು ಗಾಲಿಯ ಗೇರನ್ನು ಬಿಡಿಸಿ, ಜಾಕಿನಿಂದೆತ್ತಿ, ಗಾಲಿಗಳನ್ನು ಕೈಯಿಂದ ತಿರುಗಿಸಬೇಕು. ಒಂದೇ ಗಾಲಿ ಬಿಗಿಯಾಗಿದ್ದರೆ ಅದರ ಬ್ರೇಕನ್ನೂ ಬೇರಿಂಗನ್ನೂ ಬಿಚ್ಚಿ ನೋಡಬೇಕು. ಅವೂ ಸರಿಯಿದ್ದರೆ ಮುಂದಿನ, ಹಿಂದಿನ ಗಾಲಿಗಳ ಅಂತರವನ್ನು ಎರಡೂ ಬದಿಗೆ ಅಳೆಯಬೇಕು. ವ್ಯತ್ಯಾಸವಿದ್ದರೆ ಸ್ಪ್ರಿಂಗ್ ಪಾಟಾದ ನಡುವಣ ಬೋಲ್ಟು ಮುರಿದು ಅಚ್ಚು ಸರಿದಿರಬಹುದು.

ಒಮ್ಮೆಗೆ ಒಂದನ್ನೇ ಬದಲಿಸಿ ನೋಡುವುದನ್ನು ತರ್ಕಶಾಸ್ತ್ರದಲ್ಲಿ ಮಿಲ್ಲನ ವ್ಯತ್ಯಾಸ ವಿಧಾನವೆಂದು ಓದಿದೆನು. ಶಾಲೆಯ ಮೆಟ್ಟಿಲು ಹತ್ತದ ನನ್ನ ತಂದೆಯವರು ಅದನ್ನು ಪಾನಾ ಹಿಡಿದೇ ಕಲಿತಿದ್ದಾರೆ.