ಹಂದಿ ಜ್ವರ: ಲಸಿಕೆಯ ವೈರಾಣುವೇ, ರೋಗದ ವೈರಾಣುವೇ?

ಲಸಿಕೆ ಹಾಕಿಸಿದ ವಾರದೊಳಗೆ ಹಂದಿಗಳು ಸತ್ತಾಗ “ಲಸಿಕೆಯಿಂದಲೇ ಸತ್ತವು” ಎಂಬ ದೂರು ಗ್ರಾಮ ಪಂಚಾಯಿತಿಗೆ ಬರುವುದುಂಟು. ಇಂತಹ ದೂರನ್ನು ಊಹೆಯಿಂದ ತೀರ್ಮಾನಿಸಲಾಗದು.

ಹಂದಿ ಜ್ವರದ ಲಸಿಕೆಯಲ್ಲಿರುವುದು ಜೀವಂತ, ಆದರೆ ದುರ್ಬಲಗೊಳಿಸಿದ ವೈರಾಣು. ಬಹುಕಾಲದಿಂದ ಬಳಕೆಯಲ್ಲಿರುವ ಲಸಿಕೆಯನ್ನು ಮೊಲಗಳಲ್ಲಿ ಬೆಳೆಸಿ ತಯಾರಿಸಲಾಗುತ್ತದೆ. ಭಾರತೀಯ ಪಶುವೈದ್ಯಕೀಯ ಸಂಶೋಧನಾ ಸಂಸ್ಥೆಯು ನಮ್ಮ ದೇಶದ್ದೇ ವೈರಾಣುವನ್ನು ದುರ್ಬಲಗೊಳಿಸಿ ರೂಪಿಸಿದ ಕೋಶ ಕೃಷಿ ಲಸಿಕೆಯು 2020ರಲ್ಲಿ ಬಿಡುಗಡೆಯಾಯಿತು. ಲಸಿಕೆ ಪಡೆದ ಹಂದಿಯ ಗಂಟಲಿನ ಟಾನ್ಸಿಲ್‌ನಲ್ಲಿ ಲಸಿಕೆಯ ವೈರಾಣು ಕೆಲಕಾಲ ಉಳಿಯಬಹುದು. ರಕ್ತದಲ್ಲಿ ಪ್ರತಿಕಾಯಗಳೂ ಮೂಡುತ್ತವೆ. ಆದ್ದರಿಂದ ಪ್ರಯೋಗಾಲಯದ ವರದಿಯಲ್ಲಿ “ವೈರಾಣು ಇದೆ” ಎಂದಿದ್ದ ಮಾತ್ರಕ್ಕೆ ರೋಗವಿದೆ ಎಂದಾಗದು. ಪ್ರತಿಕಾಯ ಪರೀಕ್ಷೆಯಂತೂ ಈ ಜೀವಂತ ಲಸಿಕೆಗಳ ವಿಷಯದಲ್ಲಿ ಲಸಿಕೆಯನ್ನೂ ಸೋಂಕನ್ನೂ ಬೇರ್ಪಡಿಸಲಾರದು. ಲಸಿಕೆ ಪಡೆದ ತಾಯಿಯ ಗಿಣ್ಣು ಹಾಲು ಕುಡಿದ ಮರಿಯಲ್ಲಿಯೂ ಪ್ರತಿಕಾಯ ಕಂಡುಬರುತ್ತದೆ.

ವ್ಯತ್ಯಾಸ ತಿಳಿಯುವುದು ವಂಶವಾಹಿ ಪರೀಕ್ಷೆಯಿಂದ. ಮೊಲದಲ್ಲಿ ಪಳಗಿದ ಲಸಿಕಾ ವೈರಾಣುವಿನ ವಂಶವಾಹಿಯ ತುದಿಯಲ್ಲಿ ಸುಮಾರು 12 ಅಕ್ಷರಗಳ ಹೆಚ್ಚುವರಿ ಭಾಗವಿದ್ದು, ಅದು ರೋಗ ತರುವ ವೈರಾಣುವಿನಲ್ಲಿ ಇರುವುದಿಲ್ಲ. ಒಂದು ಲಸಿಕೆಗಾಗಿ ರೂಪಿಸಿದ ಪರೀಕ್ಷೆ ಮತ್ತೊಂದಕ್ಕೆ ಹೊಂದಲೇಬೇಕೆಂದಿಲ್ಲ. ಹಾಗಾಗಿ ಮಾದರಿಯೊಂದಿಗೆ ಲಸಿಕೆಯ ಹೆಸರು, ಬ್ಯಾಚ್ ಸಂಖ್ಯೆ, ಹಾಕಿದ ದಿನಾಂಕ ಹಾಗೂ ಕಿವಿಯೋಲೆ ಸಂಖ್ಯೆಯನ್ನು ಬರೆದು ಕಳುಹಿಸಬೇಕು. ಈ ವಿವರವಿಲ್ಲದ ಮಾದರಿಯಿಂದ ಅರ್ಧ ಉತ್ತರವಷ್ಟೇ ಸಿಗುತ್ತದೆ.

ಮೇಲಿನ ದೂರಿಗೆ ಮರಳಿದರೆ, ಸೋಂಕು ತಗುಲಿ ಲಕ್ಷಣ ಕಾಣಿಸಲು ಸಾಮಾನ್ಯವಾಗಿ 2ರಿಂದ 14 ದಿನ ಬೇಕು. ಅಷ್ಟರಲ್ಲಿ ಲಸಿಕೆ ಹಾಕಿದರೆ, ಮೊದಲೇ ಸೋಂಕಿದ್ದ ಹಂದಿ ಲಸಿಕೆಯ ನಂತರವೂ ಸಾಯಬಹುದು. ಸತ್ತ ಹಂದಿಯ ಟಾನ್ಸಿಲ್, ಗುಲ್ಮಗಳಲ್ಲಿ ರೋಗದ ವೈರಾಣುವೇ ದೊರೆತರೆ ಸೋಂಕು ಊರಿನಲ್ಲಿದೆ ಎಂದರ್ಥ. ಆಗ ಲಸಿಕೆಯನ್ನು ದೂರುತ್ತ ಕಳೆಯುವ ಪ್ರತಿ ದಿನವೂ ನೆರೆಯ ಹಟ್ಟಿಗಳಿಗೆ ನಷ್ಟ. ವ್ಯತಿರಿಕ್ತವಾಗಿ, ಲಸಿಕೆಯ ವೈರಾಣುವನ್ನೇ ರೋಗವೆಂದು ಬಗೆದು ಮಾರಾಟ ತಡೆದರೆ, ಹತ್ತು ಹಂದಿಯನ್ನೇ ನೆಚ್ಚಿದ ಕುಟುಂಬದ ಆದಾಯ ನಿಲ್ಲುತ್ತದೆ.

2009ರ ಪ್ರಾಣಿಗಳ ಸಾಂಕ್ರಾಮಿಕ ರೋಗ ತಡೆ ಕಾಯ್ದೆಯ ಅನುಸೂಚಿಯಲ್ಲಿ ಹಂದಿ ಜ್ವರವೂ ಸೇರಿದೆ. ಸಂಶಯ ಬಂದೊಡನೆ ಪಶುವೈದ್ಯಾಧಿಕಾರಿಗೆ ತಿಳಿಸಬೇಕು. ಕಳೇಬರವನ್ನು ಸದಸ್ಯರಾಗಲಿ ಮಾಲೀಕರಾಗಲಿ ಕೊಯ್ಯಬಾರದು, ಮಾದರಿಯನ್ನು ವೈದ್ಯರೇ ತೆಗೆದು ಮಂಜುಗಡ್ಡೆಯಲ್ಲಿಟ್ಟು ಕಳುಹಿಸುತ್ತಾರೆ. ಆಫ್ರಿಕನ್ ಹಂದಿ ಜ್ವರದ ಲಕ್ಷಣಗಳೂ ಇವನ್ನೇ ಹೋಲುವುದರಿಂದ ಎರಡಕ್ಕೂ ಪರೀಕ್ಷೆ ಕೋರುವುದು ಸೂಕ್ತ.