ಮೊಲಕ್ಕೆ ಊಟ ಯಾವುದು, ತಿಂಡಿ ಯಾವುದು?

ಮೊಲದ ಚಿತ್ರ ಬರೆಯಿರಿ ಎಂದರೆ ನಿಮ್ಮಲ್ಲಿ ಹೆಚ್ಚಿನವರು ಏನು ಬರೆಯುತ್ತೀರಿ? ಎರಡು ಉದ್ದ ಕಿವಿ, ದುಂಡನೆಯ ಬಾಲ, ಮುಂಗಾಲಿನಲ್ಲೊಂದು ಗಜ್ಜರಿ. ಅಲ್ಲವೇ? ಕ್ಯಾರೆಟ್ ಎಂದು ನಾವು ಕೊಳ್ಳುವ ಈ ಗಜ್ಜರಿಯೇ ಮೊಲದ ಊಟ ಎಂದು ಎಲ್ಲರೂ ನಂಬಿಬಿಟ್ಟಿದ್ದಾರೆ. ಈ ನಂಬಿಕೆ ಹರಡಲು ಒಂದು ಕಾರ್ಟೂನು ಬಹಳ ಸಹಾಯ ಮಾಡಿತು. 1940ರಲ್ಲಿ ಅಮೆರಿಕದ ಬಗ್ಸ್ ಬನ್ನಿ ಎಂಬ ಕಾರ್ಟೂನು ಮೊಲ ಗಜ್ಜರಿ ಕಡಿಯುತ್ತಾ ತೆರೆಯ ಮೇಲೆ ಬಂತು. 1934ರ ಒಂದು ಸಿನಿಮಾದಲ್ಲಿ ಕ್ಲಾರ್ಕ್ ಗೇಬಲ್ ಎಂಬ ನಟ ಗಜ್ಜರಿ ಕಡಿಯುತ್ತಾ ಪಟಪಟನೆ ಮಾತಾಡುವ ದೃಶ್ಯವಿತ್ತು. ಅದನ್ನೇ ತಮಾಷೆಗೆಂದು ಕಾರ್ಟೂನಿಗೆ ಹಚ್ಚಿದ್ದರು. ನಟನ ಗಜ್ಜರಿ ಹೀಗೆ ಮೊಲದ ಕೈಗೆ ಬಂತು!

ಹಾಗಾದರೆ ಮೊಲದ ನಿಜವಾದ ಊಟ ಯಾವುದು? ಹುಲ್ಲು. ನಾವು ಮನೆಯಲ್ಲಿ ಸಾಕುವ ಬಿಳಿ, ಕಪ್ಪು, ಬೂದು ಬಣ್ಣದ ಮೊಲಗಳೆಲ್ಲ ಯುರೋಪಿನ ಒಂದು ಕಾಡುಮೊಲದ ಸಂತತಿ. ಅದರ ಮೂಲ ನೆಲೆ ಇಂದಿನ ಸ್ಪೇನ್ ಮತ್ತು ಪೋರ್ಚುಗಲ್ ಇರುವ ಪ್ರದೇಶ. ಅಲ್ಲಿ ಅದು ನೆಲದಲ್ಲಿ ಬಿಲ ತೋಡಿಕೊಂಡು, ಸಂಜೆ ಮುಂಜಾನೆ ಹೊರಬಂದು ಹುಲ್ಲು, ಸೊಪ್ಪು, ತೊಗಟೆ ತಿಂದು ಬದುಕುತ್ತಿತ್ತು. ನೆಲ ಅಗೆದು ಗಡ್ಡೆ ತಿನ್ನುವುದು ಅದರ ರೂಢಿಯಲ್ಲ.

ಇಲ್ಲೊಂದು ಮಾತು ಹೇಳಲೇಬೇಕು. ನಮ್ಮ ಹೊಲಗಳಲ್ಲಿ, ಕುರುಚಲು ಕಾಡಿನಲ್ಲಿ ಚಂಗನೆ ನೆಗೆದು ಓಡುವ ಕಂದು ಮೊಲ ಬೇರೆಯೇ ಜಾತಿಯದು. ಅದರ ಕತ್ತಿನ ಹಿಂಭಾಗ ಕಪ್ಪಗಿರುತ್ತದೆ. ಅದು ಬಿಲ ತೋಡುವುದಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಅದಕ್ಕೆ ರಕ್ಷಣೆ ಕೊಟ್ಟಿದೆ. ಅದರ ಮರಿ ಸಿಕ್ಕಿತೆಂದು ಮನೆಗೆ ತರಬೇಡಿ. ಒಂಟಿಯಾಗಿ ಕುಳಿತಿದ್ದರೂ ತಾಯಿ ಅದನ್ನು ಬಿಟ್ಟು ಹೋಗಿರುವುದಿಲ್ಲ. ಕತ್ತಲಾದ ಮೇಲೆ ಹಾಲೂಡಿಸಲು ಬರುತ್ತದೆ.

ಈಗ ಸಾಕುಮೊಲದ ಬಾಯಿಯೊಳಗೆ ಇಣುಕೋಣ. ಮೊಲಕ್ಕೆ ಒಟ್ಟು 28 ಹಲ್ಲುಗಳು. ಮೇಲ್ದವಡೆಯ ಎರಡು ದೊಡ್ಡ ಬಾಚಿಹಲ್ಲುಗಳ ಹಿಂದೆ ಇನ್ನೆರಡು ಪುಟ್ಟ ಬಾಚಿಹಲ್ಲುಗಳು ಅಡಗಿರುತ್ತವೆ. ಇಲಿ, ಅಳಿಲುಗಳಿಗೆ ಇವು ಇಲ್ಲ. ಮೊದಲು ಮೊಲವನ್ನೂ ಇಲಿಗಳ ಗುಂಪಿಗೇ ಸೇರಿಸಿದ್ದ ವಿಜ್ಞಾನಿಗಳು 1912ರ ನಂತರ ಅದಕ್ಕೆ ಬೇರೆ ಗಣವನ್ನೇ ಮಾಡಿದರು. ನಮಗೆ ಇಲ್ಲಿ ಮುಖ್ಯವಾದದ್ದು ಇನ್ನೊಂದು ಸಂಗತಿ. ನಿಮ್ಮ ಹಲ್ಲು ಒಮ್ಮೆ ಪೂರ್ತಿ ಬಂದ ಮೇಲೆ ಬೆಳೆಯುವುದಿಲ್ಲ. ಮೊಲದ ಹಲ್ಲು ಹಾಗಲ್ಲ, ಸಾಯುವವರೆಗೂ ಬೆಳೆಯುತ್ತಲೇ ಇರುತ್ತದೆ. ಬಾಚಿಹಲ್ಲು ವಾರಕ್ಕೆ ಸುಮಾರು 2 ಮಿಲಿಮೀಟರ್ ಬೆಳೆಯುತ್ತದೆ. ವರ್ಷಕ್ಕೆ 52 ವಾರ. ಸವೆಯದೆ ಉಳಿದರೆ ವರ್ಷದ ಕೊನೆಗೆ ಎಷ್ಟು ಉದ್ದವಾಗಬಹುದು? ನೀವೇ ಗುಣಿಸಿ ನೋಡಿ. ಹತ್ತು ಸೆಂಟಿಮೀಟರಿಗೂ ಹೆಚ್ಚು!

ಹಾಗಾಗದಂತೆ ತಡೆಯುವುದೇ ಹುಲ್ಲು. ಮೊಲ ಹುಲ್ಲು ತಿನ್ನುವಾಗ ಹತ್ತಿರ ಕುಳಿತು ಗಮನಿಸಿ. ಕೆಳದವಡೆ ಅಡ್ಡಡ್ಡ ಆಡುತ್ತದೆ, ಬೀಸುವ ಕಲ್ಲಿನ ಹಾಗೆ. ಹುಲ್ಲಿನಲ್ಲಿರುವ ಗಟ್ಟಿ ನಾರು ಮತ್ತು ಮರಳಿನ ಕಣದಂಥ ಸಿಲಿಕಾ ಹಲ್ಲುಗಳನ್ನು ಸವೆಸುತ್ತವೆ. ಗಜ್ಜರಿಯನ್ನೋ ಕಾಳನ್ನೋ ತಿನ್ನುವಾಗ ದವಡೆ ಹೆಚ್ಚಾಗಿ ಮೇಲೆ ಕೆಳಗೆ ಆಡಿ, ನಾಲ್ಕು ಸಲ ಅಗಿಯುವಷ್ಟರಲ್ಲಿ ಅದು ಪುಡಿಯಾಗಿ ಹೋಗುತ್ತದೆ. ಹಲ್ಲು ಸವೆಯುವುದಿಲ್ಲ. ಒಳಗಿನ ದವಡೆ ಹಲ್ಲುಗಳ ಅಂಚು ಮೊಳೆಯಂತೆ ಚೂಪಾಗಿ ಬೆಳೆದು ನಾಲಿಗೆಗೆ, ಕೆನ್ನೆಗೆ ಚುಚ್ಚುತ್ತದೆ. ಆಗ ಮೊಲ ಹಸಿದಿದ್ದರೂ ತಿನ್ನಲಾರದೆ ಕುಳಿತಿರುತ್ತದೆ. ಹೊರಗಿನಿಂದ ನೋಡುವ ನಮಗೆ ಕಾರಣವೇ ಗೊತ್ತಾಗುವುದಿಲ್ಲ.

ಬಾಯಿಗಿಂತ ಹೊಟ್ಟೆಯ ಕತೆ ಇನ್ನೂ ಸ್ವಾರಸ್ಯ. ಹುಲ್ಲಿನಲ್ಲಿ ಸೆಲ್ಯುಲೋಸ್ ಎಂಬ ನಾರಿನ ಪದಾರ್ಥವಿದೆ. ಅದನ್ನು ಒಡೆಯುವ ಶಕ್ತಿ ಹಸುವಿಗೂ ಇಲ್ಲ, ಮೊಲಕ್ಕೂ ಇಲ್ಲ. ಆ ಕೆಲಸ ಮಾಡುವುದು ಅವುಗಳ ಹೊಟ್ಟೆಯಲ್ಲಿರುವ ಸೂಕ್ಷ್ಮಜೀವಿಗಳು. ಹಸು ಇವನ್ನು ತನ್ನ ಹೊಟ್ಟೆಯ ಮೊದಲ ಕೋಣೆಯಲ್ಲೇ ಇಟ್ಟುಕೊಂಡಿದೆ. ಮೊಲದಲ್ಲಿ ಇವು ಇರುವುದು ಸಣ್ಣ ಕರುಳು ಮುಗಿಯುವ ಜಾಗದಲ್ಲಿರುವ ದೊಡ್ಡ ಚೀಲವೊಂದರಲ್ಲಿ. ಅದರ ಹೆಸರು ಸೀಕಮ್. ಮೊಲದ ಜೀರ್ಣಾಂಗದಲ್ಲಿರುವ ಪದಾರ್ಥದಲ್ಲಿ ನೂರಕ್ಕೆ ಸುಮಾರು 40 ಪಾಲು ಈ ಚೀಲದಲ್ಲೇ ಇರುತ್ತದೆ. ನಮಗೂ ಸೀಕಮ್ ಇದೆ, ಆದರೆ ತೀರಾ ಚಿಕ್ಕದು.

ಇಲ್ಲಿ ಮೊಲಕ್ಕೊಂದು ತೊಡಕು. ಸತ್ವ ಹೀರಿಕೊಳ್ಳುವ ಸಣ್ಣ ಕರುಳು ಮುಂದಿದೆ, ಸತ್ವ ತಯಾರಾಗುವ ಸೀಕಮ್ ಹಿಂದಿದೆ. ತಯಾರಾದದ್ದು ಹಾಗೆಯೇ ಹೊರಗೆ ಹೋದರೆ ನಷ್ಟವಲ್ಲವೇ? ಹಸುವಾದರೆ ಮೆಲುಕು ಹಾಕುತ್ತದೆ. ಮೊಲ ಏನು ಮಾಡುತ್ತದೆ ಗೊತ್ತೇ? ನಗಬೇಡಿ. ತನ್ನ ಹಿಕ್ಕೆಯನ್ನೇ ತಿನ್ನುತ್ತದೆ!

ಎಲ್ಲ ಹಿಕ್ಕೆಯನ್ನೂ ಅಲ್ಲ. ಮೊಲ ಎರಡು ಬಗೆಯ ಹಿಕ್ಕೆ ಹಾಕುತ್ತದೆ. ಗೂಡಿನಲ್ಲಿ ನೀವು ಗುಡಿಸುವ ಗುಂಡಗಿನ, ಒಣ ಹಿಕ್ಕೆ ಒಂದು. ಅದರಲ್ಲಿ ಬರೀ ನಾರು. ಇನ್ನೊಂದು ಮೆತ್ತಗೆ, ಹೊಳೆಯುತ್ತಾ, ಪುಟ್ಟ ದ್ರಾಕ್ಷಿ ಗೊಂಚಲಿನಂತೆ ಇರುತ್ತದೆ. ಅದು ಸೀಕಮ್‌ನಿಂದ ಬಂದದ್ದು. ಅದರಲ್ಲಿ ಪ್ರೋಟೀನ್ ಇದೆ, ಬಿ ಗುಂಪಿನ ಮತ್ತು ಕೆ ವಿಟಮಿನ್‌ಗಳಿವೆ. ಮೊಲ ವಿಶ್ರಾಂತಿಯಲ್ಲಿದ್ದಾಗ ಕತ್ತು ಬಗ್ಗಿಸಿ ಅದನ್ನು ನೇರವಾಗಿ ಬಾಯಿಗೇ ತೆಗೆದುಕೊಂಡು ನುಂಗಿಬಿಡುತ್ತದೆ. ಆದ್ದರಿಂದಲೇ ಆರೋಗ್ಯವಾಗಿರುವ ಮೊಲದ ಗೂಡಿನಲ್ಲಿ ಮೆತ್ತನೆಯ ಹಿಕ್ಕೆ ಕಾಣುವುದೇ ಅಪರೂಪ. ಮೊಲ ಹೀಗೆ ಮಾಡಿದರೆ ಗದರಿಸಬೇಡಿ. ಇದು ಕೊಳಕಲ್ಲ, ಅದರ ಮೆಲುಕು.

ಬಿಸ್ಕತ್ತು, ಅನ್ನ, ಚಪಾತಿ, ಬ್ರೆಡ್ಡು, ಬಾಳೆಹಣ್ಣು ಏಕೆ ಅಪಾಯ ಎಂಬುದು ಈಗ ಅರ್ಥವಾಗುತ್ತದೆ. ಇವುಗಳಲ್ಲಿ ಪಿಷ್ಟ, ಸಕ್ಕರೆ ಹೆಚ್ಚು, ನಾರು ಕಡಿಮೆ. ಹೆಚ್ಚಿನ ಪಿಷ್ಟ, ಸಕ್ಕರೆ ಸೀಕಮ್ ತಲುಪಿದರೆ ಒಳ್ಳೆಯ ಸೂಕ್ಷ್ಮಜೀವಿಗಳು ಕಡಿಮೆಯಾಗಿ ಕೆಟ್ಟವು ಹೆಚ್ಚುತ್ತವೆ. ಗಾಳಿ ತುಂಬಿ ಹೊಟ್ಟೆ ಉಬ್ಬುತ್ತದೆ. ಕರುಳನ್ನು ಸದಾ ಚಲನೆಯಲ್ಲಿಡುವುದೇ ನಾರು. ಅದು ಇಲ್ಲದಿದ್ದರೆ ಕರುಳಿನ ಚಲನೆ ನಿಧಾನವಾಗಿ, ನಿಂತೇ ಹೋಗಬಹುದು. ಮೊಲಕ್ಕೆ ವಾಂತಿ ಮಾಡಲು ಬರುವುದಿಲ್ಲ. ಒಳಗೆ ಹೋದದ್ದು ಮುಂದಕ್ಕೇ ಸಾಗಬೇಕು. ಮುದ್ದಿನಿಂದ ದಿನಾ ಬಿಸ್ಕತ್ತು ತಿನ್ನಿಸಿದ ಮನೆಗಳಲ್ಲಿ ಮೊಲ ಬೇಗ ಸಾಯುವುದುಂಟು. ಪಾಪ, ಕೊಟ್ಟವರಿಗೆ ತಾವು ಏನು ಕೊಟ್ಟೆವೆಂದು ತಿಳಿದಿರುವುದಿಲ್ಲ.

ಒಂದು ಲೆಕ್ಕ ಮಾಡೋಣ. ನಿಮ್ಮ ಮೊಲದ ತೂಕ 2 ಕಿಲೋ, ನಿಮ್ಮ ತೂಕ 30 ಕಿಲೋ ಎಂದಿಟ್ಟುಕೊಳ್ಳಿ. ನೀವು ಮೊಲದ 15 ಪಟ್ಟು. 60 ಗ್ರಾಂ ತೂಗುವ ಒಂದು ಗಜ್ಜರಿಯನ್ನು ಮೊಲ ತಿಂದರೆ ನೀವು 900 ಗ್ರಾಂ ಗಜ್ಜರಿ ತಿಂದ ಹಾಗೆ. ಮೊಲಕ್ಕೆ ಒಂದು ಬಿಸ್ಕತ್ತು, ನಿಮಗೆ 15 ಬಿಸ್ಕತ್ತು! “ಒಂದೇ ಒಂದು ಕೊಟ್ಟೆ ಅಷ್ಟೇ” ಎಂದು ತಮ್ಮನೋ ತಂಗಿಯೋ ಹೇಳಿದರೆ ಈ ಲೆಕ್ಕ ತೋರಿಸಿ.

ಹಾಗೆಂದು ಗಜ್ಜರಿಯನ್ನು ಕೊಡಲೇಬಾರದು ಎಂದಲ್ಲ. ಅದು ಹಬ್ಬದ ಹೋಳಿಗೆ ಇದ್ದ ಹಾಗೆ. ನಿಮ್ಮ ಹೆಬ್ಬೆರಳಿನ ತುದಿಯಷ್ಟು ಚೂರು, ವಾರಕ್ಕೆ ಎರಡು ಮೂರು ಸಲ ಸಾಕು. ಸೇಬು, ಪಪ್ಪಾಯಿಗಳಿಗೂ ಇದೇ ಅಳತೆ. ಬೀಜ ತೆಗೆದಿರಬೇಕು. ಗಜ್ಜರಿಯ ಗಿಡದಲ್ಲಿ ಮೊಲಕ್ಕೆ ನಿಜವಾಗಿ ಒಳ್ಳೆಯದು ಅದರ ಸೊಪ್ಪು. ನಾವು ಅದನ್ನೇ ಕಿತ್ತು ತಿಪ್ಪೆಗೆ ಎಸೆಯುತ್ತೇವೆ.

ದಿನದ ಊಟ ಹೇಗಿರಬೇಕು? ತಿನ್ನುವುದರಲ್ಲಿ ನೂರಕ್ಕೆ 80 ಪಾಲಿಗೂ ಹೆಚ್ಚು ಹುಲ್ಲು. ದಿನಕ್ಕೆ ಮೊಲದ ಮೈಯಷ್ಟೇ ದೊಡ್ಡ ರಾಶಿ ಹುಲ್ಲು ಗೂಡಿನಲ್ಲಿರಲಿ, ರಾತ್ರಿಯೂ ಖಾಲಿಯಾಗದಿರಲಿ. ಗರಿಕೆ ಬಲು ಒಳ್ಳೆಯದು, ಊರಲ್ಲೆಲ್ಲ ಸಿಗುತ್ತದೆ, ದುಡ್ಡೂ ಬೇಡ. ಗಿನಿ ಹುಲ್ಲು, ನೇಪಿಯರ್ ಹುಲ್ಲು ಬೆಳೆದ ರೈತರಿದ್ದರೆ ಕೇಳಿ ತನ್ನಿ. ಬರೀ ಭತ್ತದ ಹುಲ್ಲು ಹಾಕಿದರೆ ನಾರು ಸಿಗುತ್ತದೆ, ಸತ್ವ ಸಾಲದು. ಕುದುರೆ ಮೆಂತ್ಯದಲ್ಲಿ ಪ್ರೋಟೀನ್, ಕ್ಯಾಲ್ಸಿಯಂ ಹೆಚ್ಚು. ಬೆಳೆಯುವ ಮರಿಗೆ ಸರಿ, ದೊಡ್ಡ ಮೊಲಕ್ಕೆ ದಿನಾ ಬೇಡ. ಹುಲ್ಲಿನ ಜೊತೆಗೆ ಎರಡು ಹಿಡಿ ಸೊಪ್ಪು: ಕೊತ್ತಂಬರಿ, ಪುದೀನ, ಮೂಲಂಗಿ ಎಲೆ, ದಾಸವಾಳದ ಎಲೆ. ಪಾಲಕ್ ಸ್ವಲ್ಪವೇ ಇರಲಿ, ಅದರಲ್ಲಿ ಆಕ್ಸಲೇಟ್ ಇದೆ. ಅಂಗಡಿಯ ಗುಳಿಗೆ ಆಹಾರ ಕೊಡುವುದಾದರೆ ಮೊಲದ ಒಂದು ಕಿಲೋ ತೂಕಕ್ಕೆ ದಿನಕ್ಕೆ 25 ಗ್ರಾಂ ಮೀರಬಾರದು. ಯಾವ ಹೊಸ ಆಹಾರವನ್ನಾದರೂ ಒಂದೇ ದಿನ ಬದಲಾಯಿಸದೆ, ವಾರ ಹತ್ತು ದಿನದಲ್ಲಿ ನಿಧಾನವಾಗಿ ರೂಢಿ ಮಾಡಿಸಿ. ಔಷಧಿ ಹೊಡೆದ ಹೊಲದ ಬದುವಿನ ಹುಲ್ಲು ಬೇಡವೇ ಬೇಡ. ಬೂಸಲು ಬಂದದ್ದೂ ಬೇಡ.

ಈರುಳ್ಳಿ, ಬೆಳ್ಳುಳ್ಳಿ, ಆಲೂಗಡ್ಡೆ, ಟೊಮೇಟೊ ಗಿಡದ ಎಲೆ, ಬೆಣ್ಣೆಹಣ್ಣು, ಚಾಕೊಲೇಟ್ ಇವುಗಳನ್ನು ಮೊಲದ ಹತ್ತಿರವೂ ತರಬೇಡಿ. ಕಣಗಿಲೆ, ಎಕ್ಕ, ಹರಳು, ಲಂಟಾನ ಗಿಡಗಳು ವಿಷ. ಹುಲ್ಲು ಕೊಯ್ಯುವಾಗ ಇವುಗಳ ಎಲೆ ಸೇರದಂತೆ ನೋಡಿಕೊಳ್ಳಿ.

ನೀರು ಸದಾ ಇರಬೇಕು. ಒಂದು ಕಿಲೋ ತೂಕಕ್ಕೆ ದಿನಕ್ಕೆ 50ರಿಂದ 150 ಮಿಲಿಲೀಟರ್ ಬೇಕಾಗುತ್ತದೆ, ಬೇಸಿಗೆಯಲ್ಲಿ ಇನ್ನೂ ಹೆಚ್ಚು. ಮೊಲದ ಮೂತ್ರ ಸುಣ್ಣದ ನೀರಿನಂತೆ ಬೆಳ್ಳಗೆ ಕಂಡರೆ ಗಾಬರಿಯಾಗಬೇಡಿ. ಊಟದ ಹೆಚ್ಚುವರಿ ಕ್ಯಾಲ್ಸಿಯಂ ಅದು ಹೊರಹಾಕುವುದೇ ಮೂತ್ರದಲ್ಲಿ. ಕೆಲವು ಸೊಪ್ಪು ತಿಂದಾಗ ಕೆಂಪು ಬಣ್ಣವೂ ಬರಬಹುದು. ಮೂರು ನಾಲ್ಕು ದಿನವಾದರೂ ಕೆಂಪು ಹೋಗದಿದ್ದರೆ, ಮೂತ್ರ ಮಾಡುವಾಗ ತಿಣುಕುತ್ತಿದ್ದರೆ ಪಶುವೈದ್ಯರಿಗೆ ತೋರಿಸಿ.

ಕಾಡಿನಲ್ಲಿ ನರಿ, ಹದ್ದುಗಳಿಗೆ ಆಹಾರವಾಗುವ ಪ್ರಾಣಿ ಮೊಲ. ಕಾಯಿಲೆ ಬಿದ್ದದ್ದು ಗೊತ್ತಾದರೆ ಮೊದಲು ಹಿಡಿಯುವುದು ಅದನ್ನೇ. ಆದ್ದರಿಂದ ಅದು ನೋವನ್ನು ಅಡಗಿಸುತ್ತದೆ, ಕೂಗುವುದಿಲ್ಲ. ಅದರ ಆರೋಗ್ಯ ತಿಳಿಯಲು ನಮಗಿರುವ ದಾರಿ ಹಿಕ್ಕೆಯೇ. ಬೆಳಿಗ್ಗೆ ಗೂಡು ಗುಡಿಸುವಾಗ ನೋಡಿ: ಹಿಕ್ಕೆ ಗುಂಡಗೆ, ಒಂದೇ ಗಾತ್ರದಲ್ಲಿ ಇದೆಯೇ? ಚಿಕ್ಕದಾಗಿದೆಯೇ? ಇಲ್ಲವೇ ಇಲ್ಲವೇ? ಮೊಲ 12 ಗಂಟೆ ಏನೂ ತಿನ್ನದಿದ್ದರೆ ನಾಳೆ ನೋಡೋಣ ಎನ್ನಬೇಡಿ. ಅಂದೇ ಪಶು ಆಸ್ಪತ್ರೆಗೆ ಒಯ್ಯಲು ಮನೆಯ ದೊಡ್ಡವರಿಗೆ ಹೇಳಿ. ನಮ್ಮ ಮಾತ್ರೆಗಳನ್ನು ಅರೆದು ಕುಡಿಸಬಾರದು. ನಮಗೆ ಗುಣ ಮಾಡುವ ಕೆಲವು ಆಂಟಿಬಯೋಟಿಕ್‌ಗಳು ಸೀಕಮ್‌ನ ಸೂಕ್ಷ್ಮಜೀವಿಗಳನ್ನೇ ಕೊಂದು ಮೊಲದ ಪ್ರಾಣ ತೆಗೆಯುತ್ತವೆ.

ಮಾಡಿ ನೋಡಿ: ಮಳೆಗಾಲದಲ್ಲಿ ಹಸಿರು ಹುಲ್ಲು ಹೇರಳ, ಬೇಸಿಗೆಗೆ ಒಣಹುಲ್ಲು ಬೇಕು. ಒಂದು ಕಿಲೋ ಹಸಿ ಗರಿಕೆ ತೂಗಿ, ನೆರಳಿನಲ್ಲಿ ತೆಳ್ಳಗೆ ಹರಡಿ, ದಿನಕ್ಕೆರಡು ಸಲ ತಿರುವಿ ಹಾಕಿ. ಪ್ರತಿದಿನ ಅದೇ ಹೊತ್ತಿಗೆ ತೂಗಿ ಬರೆದಿಡಿ. ತೂಕ ಇಳಿಯುವುದು ನಿಂತ ದಿನ ಹುಲ್ಲು ಒಣಗಿತೆಂದು ಲೆಕ್ಕ. ಎಷ್ಟು ಗ್ರಾಂ ಉಳಿಯಿತು? ಕಡಿಮೆಯಾದದ್ದು ಏನು, ಅದು ಎಲ್ಲಿಗೆ ಹೋಯಿತು? ಒಣಹುಲ್ಲು ತಿನ್ನುವ ದಿನಗಳಲ್ಲಿ ಮೊಲ ಹೆಚ್ಚು ನೀರು ಕುಡಿಯುತ್ತದೆಯೇ ಎಂಬುದನ್ನೂ ಅಳೆದು ನೋಡಿ.